ಕರುಳು ಚುರ್ ಎನ್ನುವ ಕೆಲಸ

ಕೋವಿಡ್ ಕಾಲದಲ್ಲಿ ನರ್ಸ್‌ಗಳನ್ನು ದೇವರು ಅಂದೆವು, ಯೋಧರು ಅಂದೆವು, ಚಪ್ಪಾಳೆ ತಟ್ಟಿದೆವು. ಅವರಲ್ಲೇ ಒಬ್ಬರು "ಈಗೀಗ ರೋಗಿ ಸತ್ತರೂ ಏನೂ ಅನ್ನಿಸುತ್ತಿಲ್ಲ" ಅಂದರೆ ಮಾತ್ರ ಗಾಬರಿಯಾದೆವು. ಕರುಣೆ ಇಲ್ಲದವರು ಈ ಕೆಲಸಕ್ಕೆ ಯಾಕೆ ಬರಬೇಕು ಅಂತ ಕೇಳುವವರೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದು ಪೂರ್ತಿ ತಲೆಕೆಳಗು. ಮರುಗುವ ಮನಸ್ಸೇ ಇಲ್ಲದವರಿಗೆ ಈ ದಣಿವು ಬರುವ ದಾರಿಯೇ ಇಲ್ಲ.

ಇದನ್ನು ಕಂಪ್ಯಾಷನ್ ಫಟೀಗ್ ಎನ್ನುತ್ತಾರೆ, ಕರುಣೆಯ ದಣಿವು. 1992ರಲ್ಲಿ ಕಾರ್ಲಾ ಜಾಯಿನ್‌ಸನ್ ತುರ್ತು ಚಿಕಿತ್ಸೆಯ ನರ್ಸ್‌ಗಳ ಬಗ್ಗೆ ಬರೆಯುವಾಗ ಈ ಪದ ಬಳಸಿದರು. ಕೊಡದಲ್ಲಿ ನೀರು ಖಾಲಿಯಾದ ಹಾಗೆ ಕರುಣೆಯೂ ಖಾಲಿಯಾಗುತ್ತದೆ ಅಂತ ಜನ ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ. ನನಗೆ ಆ ಕೊಡದ ಹೋಲಿಕೆ ಒಪ್ಪಿಗೆಯಿಲ್ಲ.

ಬೇರೆಯವರ ನೋವು ಕಂಡಾಗ "ಕರುಳು ಚುರ್ ಅಂತು" ಅನ್ನುತ್ತೇವೆ, ಅಲ್ವಾ? ಸುಮ್ನೆ ಬಂದ ಮಾತಲ್ಲ ಅದು. ಮಿದುಳಿನ ಮಡಿಕೆಯೊಂದರಲ್ಲಿ ಇನ್ಸುಲಾ ಅನ್ನುವ ಭಾಗ ಅಡಗಿದೆ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಹೊಟ್ಟೆ ತೊಳಸುವುದು, ಇಂಥ ಒಳಗಿನ ಸುದ್ದಿ ಎಲ್ಲ ಅಲ್ಲಿಗೆ ಹೋಗುತ್ತದೆ. 2004ರಲ್ಲಿ ಮಿದುಳು ವಿಜ್ಞಾನಿ ಟಾನಿಯಾ ಸಿಂಗರ್ ಮತ್ತು ಜೊತೆಗಾರರು 16 ಜೋಡಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹೆಂಗಸರು ಮಿದುಳಿನ ಸ್ಕ್ಯಾನರ್ ಒಳಗೆ, ಸಂಗಾತಿ ಪಕ್ಕದಲ್ಲಿ. ತನ್ನ ಕೈಗೆ ಶಾಕ್ ಕೊಟ್ಟಾಗ ಚುರುಕಾದ ಇನ್ಸುಲಾದ ಮುಂಭಾಗ, ಸಂಗಾತಿಗೆ ಶಾಕ್ ಬಿತ್ತು ಅಂತ ಬರೀ ಸೂಚನೆ ಬಂದಾಗಲೂ ಚುರುಕಾಯಿತು. ಒಂದೇ ಶ್ರುತಿಗೆ ಕೂರಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮುಟ್ಟದ ಇನ್ನೊಂದೂ ಕಂಪಿಸುತ್ತದಲ್ಲ, ಹಾಗೆ. ಈಗ ಆ ಎರಡನೇ ತಂತಿ ಹನ್ನೆರಡು ಗಂಟೆ ಪಾಳಿಯಲ್ಲಿದೆ, ಸುತ್ತಲಿನ ಹಾಸಿಗೆಗಳೆಲ್ಲ ಅದನ್ನು ಮೀಟುತ್ತಲೇ ಇವೆ ಅಂದುಕೊಳ್ಳಿ.

ಆದರೆ ಮರುಗುವುದು ಒಂದು, ಆ ಮರುಕ ಕೈಗೆ ಇಳಿಯುವುದು ಇನ್ನೊಂದು. ಮುಳುಗುತ್ತಿರುವವರ ಜೊತೆ ತಾನೂ ಮುಳುಗುವುದಕ್ಕೂ ದಡದಲ್ಲಿ ಕಾಲೂರಿ ಹಗ್ಗ ಎಸೆಯುವುದಕ್ಕೂ ಇರುವಷ್ಟು ದೂರ. ಮುಂದೆ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಇದನ್ನೂ ನೋಡಿದರು. ಬೇರೆಯವರ ಸಂಕಟವನ್ನು ತಾನೂ ಅನುಭವಿಸುವ ತರಬೇತಿ ಪಡೆದವರಿಗೆ ನೋವಿನ ವಿಡಿಯೋ ನೋಡುವಾಗ ಸಂಕಟ ಜಾಸ್ತಿಯಾಯಿತು. ಅದೇ ಜನಕ್ಕೆ "ಇವರಿಗೆ ಒಳ್ಳೆಯದಾಗಲಿ" ಅನ್ನುವ ಕರುಣೆಯ ತರಬೇತಿ ಕೊಟ್ಟ ಮೇಲೆ ಹಿತವಾದ ಭಾವನೆ ಹೆಚ್ಚಿತು, ಮಿದುಳಿನಲ್ಲಿ ಬೇರೆಯದೇ ಜಾಲ ಎಚ್ಚರವಾಯಿತು. ಹಾಗಾಗಿ ದಣಿಯುವುದು ಕರುಣೆಯಲ್ಲ, ದಾರಿ ಸಿಗದ ಮರುಕ ಅಂತ ನನಗೆ ಅನ್ನಿಸುತ್ತದೆ.

ಸಾಂಕ್ರಾಮಿಕ ಮುಚ್ಚಿದ್ದು ಆ ದಾರಿಯನ್ನೇ. ಮನೆಯವರಿಗೆ ಒಳಗೆ ಬಿಡುತ್ತಿರಲಿಲ್ಲ. ಸಾಯುತ್ತಿರುವವರ ಮುಂದೆ ಫೋನ್ ಹಿಡಿದು ನಿಂತವರು ನರ್ಸ್. ಮಾಸ್ಕ್, ಗಾಗಲ್, ಪಿಪಿಇ ಕಿಟ್ ಒಳಗಿಂದ ನಕ್ಕರೂ ಆ ನಗು ರೋಗಿಗೆ ಕಾಣುತ್ತಿರಲಿಲ್ಲ. ನೋಡಿಕೊಳ್ಳಬೇಕಾದ ರೋಗಿಗಳು ಹೆಚ್ಚಾದರು, ಕೈಗಳು ಹೆಚ್ಚಾಗಲಿಲ್ಲ. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲಾಗದ ಈ ಇಕ್ಕಟ್ಟನ್ನು ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲೇ ನೈತಿಕ ಸಂಕಟ ಎಂದು ಕರೆದಿದ್ದರು.

ವಿಶ್ವ ಆರೋಗ್ಯ ಸಂಸ್ಥೆ 2020ನ್ನು ನರ್ಸ್‌ಗಳ ಮತ್ತು ಸೂಲಗಿತ್ತಿಯರ ವರ್ಷ ಎಂದು ಮೊದಲೇ ಸಾರಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷ ಅಂತ. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಅವರ ಚಿತ್ರ ಎಲ್ಲರಿಗೂ ಗೊತ್ತು. ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ ಅವರು ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು, ಮಲಗಿದಲ್ಲಿಂದಲೇ ಬರೆಯುತ್ತಿದ್ದರು. ಆ ಚಿತ್ರವನ್ನು ಮಾತ್ರ ಯಾರೂ ಗೋಡೆಗೆ ಹಾಕಿಲ್ಲ.

ಇನ್ನು ತೃಪ್ತಿಯ ವಿಷಯ. ದಣಿವು ಏರಿದಷ್ಟೂ ಕೆಲಸದ ತೃಪ್ತಿ ಇಳಿಯಲೇಬೇಕು, ಎರಡೂ ಒಂದೇ ತಕ್ಕಡಿಯ ತಟ್ಟೆಗಳು ಅಂತ ತಿಳಿಯುವುದೂ ತಪ್ಪೇ. ಇವೆರಡನ್ನೂ ಅಳೆಯಲು ಮನಶ್ಶಾಸ್ತ್ರಜ್ಞೆ ಬೆತ್ ಸ್ಟ್ಯಾಮ್ ರೂಪಿಸಿದ 30 ಹೇಳಿಕೆಗಳ ಪಟ್ಟಿಯನ್ನು ತುಂಬಾ ಕಡೆ ಬಳಸುತ್ತಾರೆ. ನೆರವಾದ ತೃಪ್ತಿಗೆ ಒಂದು ಅಂಕ, ಬರ್ನ್‌ಔಟ್‌ಗೆ, ಅಂದರೆ ಕೆಲಸದಲ್ಲೇ ಬಸವಳಿದು ಹೋಗುವುದಕ್ಕೆ ಒಂದು, ಬೇರೆಯವರ ಆಘಾತ ನಮಗೆ ಅಂಟಿಕೊಂಡಿದ್ದಕ್ಕೆ ಇನ್ನೊಂದು. ಮೂರನ್ನೂ ಕೂಡಿಸಿ ಒಟ್ಟು ಅಂಕ ಹಾಕುವಂತಿಲ್ಲ. ವೆಂಟಿಲೇಟರ್‌ನಿಂದ ಒಬ್ಬರು ಹೊರಬಂದು ಉಸಿರಾಡಿದ ದಿನವೇ ಪಕ್ಕದ ಹಾಸಿಗೆ ಖಾಲಿಯಾಗಿರಬಹುದು. ಆ ನರ್ಸ್ ಅವತ್ತು ತೃಪ್ತಿಯ ಸಾಲಿನಲ್ಲೂ ಆಘಾತದ ಸಾಲಿನಲ್ಲೂ ದೊಡ್ಡ ಅಂಕವನ್ನೇ ಗುರುತು ಹಾಕಬಹುದು, ಎರಡೂ ನಿಜವೇ.