ರೈಫಲ್ ಮತ್ತು 12 ಬೋರ್ ಬಂದೂಕಿಗೆ ಬಿಡಿಭಾಗ: ಆಯ್ಕೆ, ಜೋಡಣೆ, ಪರೀಕ್ಷೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಕಲಿಯುವವರ ಕೈಗೆ ಸಾಮಾನ್ಯವಾಗಿ ಸಿಗುವುದು ಮೂರು ಬಗೆ: .177 ಏರ್ ರೈಫಲ್, ಮನೆತನದಿಂದ ಬಂದ 12 ಬೋರ್ ಡಬಲ್ ಬ್ಯಾರೆಲ್, ಅಪರೂಪಕ್ಕೆ ಇಶಾಪುರದ .315 ಸ್ಪೋರ್ಟಿಂಗ್ ರೈಫಲ್. ಗುರಿ ತಪ್ಪತೊಡಗಿದರೆ ಮೊದಲು ಬೈಸಿಕೊಳ್ಳುವುದು ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು. ಬಿಚ್ಚಿ ನೋಡಿದರೆ ಬಹುತೇಕ ಸಲ ತಪ್ಪು ಅದರ ಕೆಳಗಿನ ರಿಂಗು, ಸ್ಕ್ರೂಗಳದ್ದೇ ಆಗಿರುತ್ತದೆ. ಹೀಗಾಗಿ ಈ ಟಿಪ್ಪಣಿಯಲ್ಲಿ ಗಾಜಿಗಿಂತ ಕಬ್ಬಿಣದ ಮಾತೇ ಹೆಚ್ಚು. ಕೈಯಲ್ಲಿರುವ ಹಣ ಮೊದಲು ಮೌಂಟಿಗೆ (ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಭಾಗಕ್ಕೆ) ಹೋಗಲಿ, ಉಳಿದದ್ದು ಸ್ಕೋಪಿಗೆ.

ಕಾನೂನಿನ ಮಾತು ಮೊದಲೇ ಮುಗಿಸೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಸದ್ದನ್ನೋ ಬೆಂಕಿಯ ಮಿಂಚನ್ನೋ ಕಡಿಮೆ ಮಾಡುವ ಬಿಡಿಭಾಗವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಲಾಗಿದೆ. ಆನ್‌ಲೈನ್‌ನಲ್ಲಿ ಏನೇ ಹೆಸರಿಟ್ಟು ಮಾರಿದರೂ ಅದನ್ನು ಮುಟ್ಟಬೇಡಿ. ಲೈಸೆನ್ಸ್ ಇಲ್ಲದೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಲು 6ನೇ ಕಲಮಿನ ತಡೆಯಿದೆ. ಬಂದೂಕಿನ ರಿಪೇರಿಗೂ ಲೈಸೆನ್ಸ್ ಬೇಕು. ಬೆಳಗಾವಿ ಉದ್ಯಮಬಾಗದ ವರ್ಕ್‌ಶಾಪಿನವರು ಎಂಥ ಲೇತ್ ಕೆಲಸವನ್ನೂ ನೀಟಾಗಿ ಮಾಡಿಕೊಟ್ಟಾರು, ಆದರೆ ರಿಸೀವರಿಗೆ (ಬಂದೂಕಿನ ನಡುವಿನ ಕಬ್ಬಿಣದ ಒಡಲಿಗೆ) ತೂತು ಕೊರೆದು ಥ್ರೆಡ್ ಹಾಕುವುದು ಲೈಸೆನ್ಸ್ ಇರುವ ಗನ್‌ಸ್ಮಿತ್‌ನ ಕೆಲಸ. 20 ಜೂಲ್ ಮೀರದ .177 ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ ನಿಜ. ಸ್ಪ್ರಿಂಗ್ ಬದಲಿಸಿ ಶಕ್ತಿ ಏರಿಸಿದರೆ ಆ ರಿಯಾಯಿತಿಯೂ ಹೋಗುತ್ತದೆ. ಕೆಳಗೆ ಹೇಳುವ ಪ್ರತಿ ಕೆಲಸಕ್ಕೂ ಮುನ್ನ ಚೇಂಬರ್ (ಕಾಡತೂಸು ಕೂಡುವ ಜಾಗ) ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಕಾಡತೂಸುಗಳು ಬೇರೆ ಕೋಣೆಯಲ್ಲಿರಲಿ.

ರೈಲು ಯಾವುದು?

ಮೌಂಟು ಕೊಳ್ಳುವ ಮೊದಲು ರೈಫಲಿನ ಮೇಲ್ಭಾಗದ ರೈಲನ್ನು, ಅಂದರೆ ಮೌಂಟು ಕಚ್ಚಿಕೊಳ್ಳುವ ಪಟ್ಟಿಯನ್ನು, ವರ್ನಿಯರ್‌ನಿಂದ ಅಳೆಯಿರಿ. ಏರ್ ರೈಫಲ್ ಮತ್ತು .22ಗಳಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ (ಎರಡೂ ಬದಿ ಓರೆಯಾಗಿ ಕೊರೆದ ಪಟ್ಟಿ) ಇರುತ್ತದೆ, ಕೆಲವು .22ಗಳಲ್ಲಿ ಸುಮಾರು 9.5 ಮಿ.ಮೀ. ಇವೆರಡಕ್ಕೂ ಒಂದೇ ಮೌಂಟು ಕೂತಂತೆ ಕಾಣಬಹುದು, ಆದರೆ ಹಲ್ಲು ಪೂರ್ತಿ ಕಚ್ಚಿರುವುದಿಲ್ಲ. ಅಡ್ಡ ಗಾಡಿಗಳಿರುವ (ಅಡ್ಡಕ್ಕೆ ಕೊರೆದ ಸೀಳುಗಳಿರುವ) ರೈಲಿನಲ್ಲಿ ಎರಡು ಜಾತಿ. ಪಿಕಾಟಿನಿಯ ಗಾಡಿ 5.23 ಮಿ.ಮೀ. ಅಗಲ, ಒಂದರಿಂದ ಒಂದಕ್ಕೆ 10.01 ಮಿ.ಮೀ. ಅಂತರ. ವೀವರ್‌ನ ಗಾಡಿ 4.57 ಮಿ.ಮೀ., ಅಂತರಕ್ಕೆ ಇಂಥದ್ದೇ ಎಂಬ ನಿಯಮವಿಲ್ಲ. ಹೀಗಾಗಿ ವೀವರ್ ರಿಂಗು ಪಿಕಾಟಿನಿ ಮೇಲೆ ಕೂಡುತ್ತದೆ, ಪಿಕಾಟಿನಿ ರಿಂಗಿನ ದಪ್ಪ ಅಡ್ಡಬೋಲ್ಟ್ ವೀವರ್ ಗಾಡಿಯೊಳಗೆ ಇಳಿಯುವುದಿಲ್ಲ. ಮೇಲಿಂದ ಮೇಲೆ ಬರುವ ತಪ್ಪು ಖರೀದಿ ಇದೇ. ಸ್ಕೋಪಿನ ಕೊಳವೆ 25.4 ಮಿ.ಮೀ. ಇದೆಯೋ 30 ಮಿ.ಮೀ. ಇದೆಯೋ ಅದನ್ನೂ ಬರೆದುಕೊಂಡೇ ಅಂಗಡಿಗೆ ಹೋಗಿ.

.315ರದ್ದು ಬೇರೆಯೇ ತಲೆನೋವು. ಅದು ಲೀ-ಎನ್‌ಫೀಲ್ಡ್ ಮಾದರಿಯ ಆಕ್ಷನ್ (ಕಾಡತೂಸು ತುಂಬಿ ಸಿಡಿಸುವ ಯಂತ್ರಭಾಗ). ಮೇಲೆ ಸಪಾಟಾದ ಜಾಗವೂ ಇಲ್ಲ, ರೈಲೂ ಇಲ್ಲ. ತೂತು ಕೊರೆಯದೆ, ರೈಫಲಿನಲ್ಲಿ ಮೊದಲೇ ಇರುವ ಸಣ್ಣ ಸ್ಕ್ರೂಗಳನ್ನೇ ಹಿಡಿದು ಕೂಡುವ ಮೌಂಟುಗಳು ಮಾರುಕಟ್ಟೆಯಲ್ಲಿವೆ. ಆ ಸ್ಕ್ರೂಗಳು ಹಿಮ್ಮೊಗ ಒದೆತದ ಭಾರ ಹೊರಲೆಂದು ಮಾಡಿದವಲ್ಲ, ಕೆಲವೇ ಸುತ್ತು ಗುಂಡು ಹಾರಿಸಿದರೆ ಸಡಿಲಾಗುತ್ತವೆ. ಆ ರೈಫಲನ್ನು ಕಬ್ಬಿಣದ ಸೈಟಿನಲ್ಲೇ ಕಲಿಯುವುದು ವಾಸಿ, ಇಲ್ಲವೆ ಗನ್‌ಸ್ಮಿತ್ ಹತ್ತಿರ ಸರಿಯಾದ ಬೇಸ್ (ಮೌಂಟು ಕೂಡುವ ಅಡಿಪಟ್ಟಿ) ಹಾಕಿಸಬೇಕು. ನಡುವಿನ ಅಗ್ಗದ ದಾರಿ ಇಲ್ಲ.

ಸ್ಪ್ರಿಂಗ್ ಏರ್ ರೈಫಲ್ ಯಾಕೆ ಸ್ಕೋಪು ಕೊಲ್ಲುತ್ತದೆ

ದೊಡ್ಡ ರೈಫಲಿನ ಒದೆತ ತಡೆದ ಸ್ಕೋಪು ಏರ್ ರೈಫಲಿನಲ್ಲಿ ಒಳಗೆ ಸಡಿಲಾಗಿ ಗಲಗಲ ಎನ್ನುವುದನ್ನು ಕಂಡು ಹೊಸಬರಿಗೆ ಆಶ್ಚರ್ಯ. ಕಾರಣ ಇಷ್ಟೇ: ಪಿಸ್ಟನ್ ಮುಂದಕ್ಕೆ ಹಾರಿದಾಗ ರೈಫಲ್ ಹಿಂದಕ್ಕೆ ಹೋಗುತ್ತದೆ, ಪಿಸ್ಟನ್ ಕೊನೆಗೆ ಗಾಳಿಯ ಮೆತ್ತೆಗೆ ಬಡಿದಾಗ ರೈಫಲ್ ಮುಂದಕ್ಕೆ ಎಳೆಯಲ್ಪಡುತ್ತದೆ. ಸಾಮಾನ್ಯ ಸ್ಕೋಪಿನ ಒಳಗಿನ ಕಟ್ಟಡ ಹಿಂದಿನ ಒದೆತಕ್ಕಷ್ಟೇ ಸಿದ್ಧವಾಗಿರುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದೆ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಪ್ಯಾರಲಾಕ್ಸ್ ಹೊಂದಾಣಿಕೆ 10 ಮೀಟರಿಗೆ ಇಳಿಯಬೇಕು. 100 ಗಜಕ್ಕೆ ಕೂರಿಸಿದ ಸ್ಕೋಪಿನಲ್ಲಿ 10 ಮೀಟರಿನ ಹಾಳೆ ಮಬ್ಬಾಗಿ ಕಾಣುತ್ತದೆ, ಕಣ್ಣು ಸ್ವಲ್ಪ ಸರಿದರೂ ಸ್ಕೋಪಿನೊಳಗಿನ ಗುರಿಗೆರೆ ಗುರಿಯ ಮೇಲೆ ಈಜುತ್ತದೆ; ಪ್ಯಾರಲಾಕ್ಸ್ ಎಂದರೆ ಇದೇ.

ಮೌಂಟು ಒಂದೇ ತುಂಡಿನದು ಇರಲಿ, ಅದರಲ್ಲಿ ಸ್ಟಾಪ್ ಪಿನ್ ಇರಲಿ. ರೈಫಲಿನ ರೈಲಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು ಇದ್ದರೆ ಪಿನ್ ಅದರೊಳಗೆ ಇಳಿಯಬೇಕು. ಪಿನ್ ಇಲ್ಲದ ಮೌಂಟು ಎಷ್ಟೇ ಬಿಗಿ ಮಾಡಿದರೂ ಹಿಂದಕ್ಕೆ ತೆವಳುತ್ತದೆ. ಇನ್ನಷ್ಟು ಬಿಗಿ ಮಾಡಿದರೆ ಡವ್‌ಟೇಲಿನ ಅಂಚು ಕಿತ್ತುಬರುತ್ತದೆ, ಅದಕ್ಕೆ ಮದ್ದಿಲ್ಲ.

10 ಮೀಟರ್ ಸ್ಪರ್ಧೆಗೆ ತಯಾರಾಗುವವರು ಈ ಖರ್ಚನ್ನೆಲ್ಲ ಉಳಿಸಬಹುದು. ಅಂತರರಾಷ್ಟ್ರೀಯ ನಿಯಮದಲ್ಲಿ ಏರ್ ರೈಫಲಿಗೆ ದುರ್ಬೀನು ಸೈಟು ನಿಷಿದ್ಧ, ನಿಂತು ಹೊಡೆಯುವಾಗ ಸ್ಲಿಂಗ್ (ಬಂದೂಕಿನ ಪಟ್ಟಿ) ಕೂಡ ಇಲ್ಲ. ಎಲ್ಲ ಬಿಡಿಭಾಗ ಸೇರಿ ರೈಫಲಿನ ತೂಕ 5.5 ಕೆ.ಜಿ. ದಾಟಬಾರದು. ಅವರು ಪೀಪ್ ಸೈಟು (ಸಣ್ಣ ತೂತಿನಿಂದ ನೋಡುವ ಸೈಟು) ಮತ್ತು ಕೆನ್ನೆಪಟ್ಟಿಯ ಎತ್ತರದ ಕಡೆ ಗಮನ ಕೊಡಲಿ.

ಸ್ಕೋಪು ಕೂರಿಸುವ ಕ್ರಮ

ರೈಲು, ಮೌಂಟಿನ ಹಲ್ಲು, ಸ್ಕ್ರೂ, ತೂತು, ನಾಲ್ಕನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕಾರ್ಖಾನೆಯ ಎಣ್ಣೆ ಉಳಿದರೆ ಹಿಡಿತವೇ ಬರುವುದಿಲ್ಲ. ಥಿನ್ನರ್ ಬೇಡ, ಮರದ ಪಾಲಿಶ್ ಕಿತ್ತು ಹೋಗುತ್ತದೆ. ರೈಲಿನ ಮೇಲೆ ಮೌಂಟು ಇಟ್ಟು, ಗಾಡಿ ಇದ್ದಲ್ಲಿ ನಳಿಗೆಯ ದಿಕ್ಕಿಗೆ ಒತ್ತಿ ಹಿಡಿದುಕೊಂಡೇ ಬಿಗಿ ಮಾಡಿ. ಒದೆತಕ್ಕೆ ಅದು ಸರಿಯಲು ಜಾಗ ಉಳಿಯಬಾರದು.

ಈಗ ಕೆಳರಿಂಗಿನಲ್ಲಿ ಸ್ಕೋಪು ಮಲಗಿಸಿ, ಮೇಲಿನ ಮುಚ್ಚಳ ಸಡಿಲಾಗಿ ಹಾಕಿ. ಝೂಮ್ ಅತಿ ಹೆಚ್ಚಿಗೆ ತಿರುಗಿಸಿ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ತಂದು, ಕೆನ್ನೆ ಸಹಜವಾಗಿ ಎಲ್ಲಿ ಕೂಡುತ್ತದೋ ಅಲ್ಲಿ ಕೂರಿಸಿ, ಆಮೇಲೆ ಕಣ್ಣು ತೆರೆಯಿರಿ. ಸುತ್ತ ಕಪ್ಪು ನೆರಳು ಕಂಡರೆ ಸ್ಕೋಪನ್ನು ಸರಿಸಬೇಕೇ ಹೊರತು ಕತ್ತನ್ನಲ್ಲ. ದೊಡ್ಡ ರೈಫಲಿನಲ್ಲಿ ಕಣ್ಣಿಗೂ ಹಿಂದಿನ ಗಾಜಿಗೂ 75ರಿಂದ 100 ಮಿ.ಮೀ. ಇರಲಿ, ಇಲ್ಲವಾದರೆ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಗ್ಯಾರಂಟಿ. ಗೆರೆ ನೆಟ್ಟಗೆ ಮಾಡಲು ಗೌಂಡಿಯ ತೂಗುಗುಂಡು ಸಾಕು. 10 ಮೀಟರ್ ದೂರದಲ್ಲಿ ದಾರ ಇಳಿಬಿಟ್ಟು, ರೈಫಲನ್ನು ಮಟ್ಟದಲ್ಲಿಟ್ಟು, ನಿಂತ ಗೆರೆಯನ್ನು ದಾರಕ್ಕೆ ಹೊಂದಿಸಿ.

ಬಿಗಿ ಮಾಡುವಾಗ ಒಂದು ಸ್ಕ್ರೂ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಕಾಲು ಸುತ್ತು ಎಡಕ್ಕೆ, ಕಾಲು ಸುತ್ತು ಎದುರಿನ ಬಲಕ್ಕೆ, ಎರಡೂ ಕಡೆ ರಿಂಗಿನ ಸಂದು ಸಮ ಇರುವಂತೆ. ತಯಾರಕರು ಬಲದ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಕೊಟ್ಟಿಲ್ಲದಿದ್ದರೆ ರಿಂಗಿನ ಮುಚ್ಚಳದ ಸ್ಕ್ರೂಗೆ 1.7ರಿಂದ 2.0 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದವರು ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಿಂದ ಕೆಲಸ ತೆಗೆಯಬಹುದು: ಅಲನ್ ಕೀಯ ಗಿಡ್ಡ ತೋಳನ್ನು ಸ್ಕ್ರೂನಲ್ಲಿಟ್ಟು, ಉದ್ದ ತೋಳಿನ ಮೇಲೆ ಮಧ್ಯದಿಂದ 100 ಮಿ.ಮೀ. ಗುರುತು ಮಾಡಿ, ಅಲ್ಲಿ ಕೊಕ್ಕೆ ಹಾಕಿ ತೋಳಿಗೆ ಕಾಟಕೋನದಲ್ಲಿ (90 ಡಿಗ್ರಿ) ಎಳೆಯಿರಿ. ತಕ್ಕಡಿ 1.75 ಕೆ.ಜಿ. ತೋರಿಸಿದಾಗ 1.7, 2 ಕೆ.ಜಿ. ತೋರಿಸಿದಾಗ ಸುಮಾರು 2 ನ್ಯೂಟನ್ ಮೀಟರ್. ಅಲ್ಲಿಗೆ ನಿಲ್ಲಿಸಿ. "ಇನ್ನೊಂದೀಟು ಬಿಗಿ ಮಾಡೋಣು" ಅನ್ನುವ ಕೈಯೇ ಕೊಳವೆ ಅದುಮುವುದು. ಝೂಮ್ ರಿಂಗು ಬಿಗಿಯಾಗಿ ತಿರುಗತೊಡಗಿದರೆ ಅದುಮಿದೆ ಎಂದೇ ತಿಳಿಯಿರಿ.

ನೀಲಿ ಥ್ರೆಡ್‌ಲಾಕರ್ ಬೇಸಿನ ಸ್ಕ್ರೂಗೆ ಒಂದು ಹನಿ ಸರಿ. ಕೆಂಪು ಬೇಡ, ಬಿಚ್ಚಲು ಕಾಯಿಸಬೇಕಾಗುತ್ತದೆ. ಮುಚ್ಚಳದ ಸ್ಕ್ರೂಗೆ ಯಾವುದೂ ಬೇಡ: ದ್ರವ ಘರ್ಷಣೆ ಕಡಿಮೆ ಮಾಡುವುದರಿಂದ ಅದೇ ತಿರುವಿಗೆ ಒತ್ತಡ ಹೆಚ್ಚು ಬೀಳುತ್ತದೆ. ಕೊನೆಗೆ ಹಿಂದಿನ ರಿಂಗಿನ ಅಂಚಿನಿಂದ ಕೊಳವೆಯ ಮೇಲೆ ನೇಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. ಗೆರೆ ಒಡೆದರೆ ಸ್ಕೋಪು ಸರಿದಿದೆ.

ಕ್ಲಿಕ್ಕಿನ ಲೆಕ್ಕ

ಒಂದು ಎಂಒಎ (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) 100 ಮೀಟರಿಗೆ 29 ಮಿ.ಮೀ. ಟರೆಟ್ಟಿನ (ಸ್ಕೋಪಿನ ಗುರಿ ಹೊಂದಿಸುವ ತಿರುಗುಣಿಯ) ಕಾಲು ಎಂಒಎ ಕ್ಲಿಕ್ 100 ಮೀಟರಿಗೆ 7.3, 50ಕ್ಕೆ 3.6, 10 ಮೀಟರಿಗೆ ಬರೀ 0.73 ಮಿ.ಮೀ. ಪೆಲೆಟ್ 15 ಮಿ.ಮೀ. ಕೆಳಗೆ ಬೀಳುತ್ತಿದ್ದರೆ 10 ಮೀಟರಿನಲ್ಲಿ ಸುಮಾರು 20 ಕ್ಲಿಕ್ ಮೇಲೆ. ಹೊಸಬರು ಎರಡು ಕ್ಲಿಕ್ ತಿರುಗಿಸಿ, ಬದಲಾಗಲಿಲ್ಲವೆಂದು ಸ್ಕೋಪು ಕೆಟ್ಟಿದೆ ಎನ್ನುವುದು ಇಲ್ಲಿಯೇ.

ನಳಿಗೆ ಮಡಚುವ ಏರ್ ರೈಫಲ್‌ಗಳಲ್ಲಿ ನಳಿಗೆ ಸ್ವಲ್ಪ ಕೆಳಗೆ ನೋಡುತ್ತಿರುತ್ತದೆ. ಟರೆಟ್ಟನ್ನು ಮೇಲಿನ ಕೊನೆಯವರೆಗೆ ತಿರುಗಿಸಿದರೂ ಪೆಲೆಟ್ ಕೆಳಗೇ ಬೀಳುತ್ತದೆ. ಆ ಕೊನೆಯಲ್ಲಿ ಒಳಗಿನ ಸ್ಪ್ರಿಂಗಿನ ಹಿಡಿತ ತೆಳುವಾಗುವುದರಿಂದ ಝೀರೋ (ಗುರಿಗೂ ಪೆಟ್ಟಿಗೂ ಮಾಡಿದ ಹೊಂದಿಕೆ) ಅಲೆದಾಡುತ್ತದೆ. ಹಿಂದಿನ ರಿಂಗಿನ ಕೆಳಗೆ ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡಿನ ಒಂದು ಪದರ, ಸುಮಾರು 0.1 ಮಿ.ಮೀ., ಇಡಿ. ರಿಂಗುಗಳ ನಡುವೆ 100 ಮಿ.ಮೀ. ಇದ್ದರೆ ಅಷ್ಟಕ್ಕೇ ಪೆಟ್ಟು 10 ಮೀಟರಿನಲ್ಲಿ 10 ಮಿ.ಮೀ. ಏರುತ್ತದೆ. ಎರಡು ಪದರಕ್ಕಿಂತ ಹೆಚ್ಚು ಬೇಕಾದರೆ ತಗಡು ಬಿಟ್ಟು ಓರೆ ಹೊಂದಿಸುವ ಮೌಂಟು ತನ್ನಿ, ಇಲ್ಲವಾದರೆ ಕೊಳವೆ ಬಾಗುತ್ತದೆ.

ಹಾಳೆಯ ಮೇಲಿನ ಪೆಟ್ಟುಗಳ ಗುಂಪು ಒಂದೇ ದಿಕ್ಕಿಗೆ ನಿಧಾನಕ್ಕೆ ಸರಿಯುತ್ತಿದ್ದರೆ ಮೌಂಟು ನೋಡಿ. ಎಲ್ಲ ಕಡೆ ಚೆಲ್ಲಾಪಿಲ್ಲಿಯಾದರೆ ಮರವನ್ನು ಕಬ್ಬಿಣಕ್ಕೆ ಹಿಡಿದಿರುವ ಸ್ಕ್ರೂ ನೋಡಿ. ಏರ್ ರೈಫಲಿನಲ್ಲಿ ಮುಂಗೈ ಮರದ ಎರಡು ಬದಿಯ ಸ್ಕ್ರೂಗಳು ಮೊದಲು ಬಿಡುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಐದು ಹೊಡೆದು ನೋಡಿ, ಆಮೇಲೆ ಮುಂದಿನದು. ಬೈಪಾಡ್ (ಎರಡು ಕಾಲಿನ ಆಸರೆ), ಸ್ಲಿಂಗ್, ಸ್ಕೋಪು ಮೂರನ್ನೂ ಒಂದೇ ಸಂಜೆ ಹಾಕಿದರೆ ತಪ್ಪು ಯಾರದೆಂದು ಯಾವತ್ತೂ ತಿಳಿಯದು. ಬೈಪಾಡ್ ಹಾಕಿದ ಮೇಲೆ ನಳಿಗೆ ಮತ್ತು ಮರದ ನಡುವೆ ಒಂದು ಹಾಳೆ ಎಳೆದು ನೋಡಿ. ಮೊದಲು ಸರಾಗ ಹೋಗುತ್ತಿದ್ದ ಹಾಳೆ ಈಗ ಸಿಕ್ಕಿಕೊಂಡರೆ ಮರ ಬಾಗಿ ನಳಿಗೆಗೆ ತಾಗುತ್ತಿದೆ.

12 ಬೋರ್: ಪ್ಯಾಡು ಮತ್ತು ಚೋಕು

ಶಾಟ್‌ಗನ್‌ನಲ್ಲಿ ಹಿಂದಿನ ಸೈಟು ನಿಮ್ಮ ಕಣ್ಣೇ. ಹಾಗಾಗಿ ಮೊದಲ ಬಿಡಿಭಾಗ ಒದೆತದ ಪ್ಯಾಡು, ಅದೂ ಅಳತೆ ನೋಡಿ. ಟ್ರಿಗರಿನಿಂದ ಬಟ್ಟಿನ (ಭುಜಕ್ಕಿಡುವ ತುದಿಯ) ಮಧ್ಯಕ್ಕೆ ಸಾಮಾನ್ಯವಾಗಿ 355ರಿಂದ 370 ಮಿ.ಮೀ. ಇರುತ್ತದೆ. ಭುಜಕ್ಕಿಟ್ಟಾಗ ಹೆಬ್ಬೆರಳಿನ ಬುಡಕ್ಕೂ ಮೂಗಿಗೂ ಎರಡು ಮೂರು ಬೆರಳು ಅಂತರ ಇದ್ದರೆ ಉದ್ದ ಸರಿಯಿದೆ. ಅದರ ಮೇಲೆ 25 ಮಿ.ಮೀ. ಪ್ಯಾಡು ಸಿಕ್ಕಿಸಿದರೆ ಗಿಡ್ಡ ತೋಳಿನವರಿಗೆ ಬಂದೂಕು ಬಗಲಲ್ಲಿ ಸಿಕ್ಕಿಕೊಳ್ಳುತ್ತದೆ, ಪೆಟ್ಟು ತೋಳಿನ ಸ್ನಾಯುವಿಗೆ ಬೀಳುತ್ತದೆ. ಅಂಥವರಿಗೆ ಮರವನ್ನು ಪ್ಯಾಡಿನ ದಪ್ಪದಷ್ಟು ಕೊಯ್ಸಿ ಹಾಕಿಸುವುದೇ ಸರಿ. ಹಳೆಯ ಬಟ್ ಪ್ಲೇಟಿನ ತೂತು ಹೊಸ ಪ್ಯಾಡಿಗೆ ಹೊಂದದಿದ್ದರೆ ಮರದ ಗೂಟ ಅಂಟಿನಿಂದ ಬಡಿದು, ಒಣಗಿದ ಮೇಲೆ ಹೊಸದು ಕೊರೆಯಬೇಕು. ಸ್ಕ್ರೂ ತಲೆ ರಬ್ಬರಿನೊಳಗೆ ಮುಳುಗಿಸುವಾಗ ಸ್ಕ್ರೂಡ್ರೈವರಿಗೆ ಸಾಬೂನು ಸವರಿದರೆ ರಬ್ಬರು ಹರಿಯುವುದಿಲ್ಲ.

ಚೋಕು ಎಂದರೆ ಛರ್ರೆ (ಸಣ್ಣ ಗುಂಡುಗಳು) ಹೆಚ್ಚು ಹರಡದಂತೆ ನಳಿಗೆಯ ಬಾಯಿ ಕಿರಿದಾಗಿಸುವುದು. ಚೋಕು ಟ್ಯೂಬು ನಳಿಗೆಯ ಬಾಯಲ್ಲಿ ಥ್ರೆಡ್ ಇರುವ ಬಂದೂಕಿಗೆ ಮಾತ್ರ. ಹಳೆಯ ಡಬಲ್ ಬ್ಯಾರೆಲ್‌ಗಳಲ್ಲಿ ಚೋಕು ನಳಿಗೆಯಲ್ಲೇ ಇರುತ್ತದೆ, ಅದಕ್ಕೆ ಸೇರಿಸುವಂಥದ್ದು ಏನೂ ಇಲ್ಲ. 12 ಬೋರಿನ ಒಳವ್ಯಾಸ 18.5 ಮಿ.ಮೀ.; ಇಂಪ್ರೂವ್ಡ್ ಸಿಲಿಂಡರ್ ಅದನ್ನು 0.25, ಮಾಡಿಫೈಡ್ 0.5, ಫುಲ್ ಸುಮಾರು 0.9ರಿಂದ 1 ಮಿ.ಮೀ. ಕಿರಿದು ಮಾಡುತ್ತದೆ. ಒಂದು ಕಂಪನಿಯ ಥ್ರೆಡ್ ಇನ್ನೊಂದಕ್ಕೆ ಎರಡು ಸುತ್ತು ಹೋದರೂ ಅದು ಹೊಂದಿಕೆ ಅಲ್ಲ. ಟ್ಯೂಬಿನ ಒಳತುದಿ ನಳಿಗೆಯ ಮೆಟ್ಟಿಲಿಗೆ ಪೂರ್ತಿ ಕೂತಿರಬೇಕು. ಸಂದು ಉಳಿದರೆ ಛರ್ರೆ ಅದರ ತುಟಿಗೆ ಬಡಿದು ಒಳನುಗ್ಗಿ, ನಳಿಗೆಯ ಬಾಯಿ ಉಬ್ಬುತ್ತದೆ. ತೆಳು ಗ್ರೀಸ್ ಸವರಿ, ಕೈಯಿಂದ ಕೂರಿಸಿ, ಕೀಲಿಯಿಂದ ಒಂದು ಸಣ್ಣ ಎಳೆತ ಸಾಕು. ಪ್ರತಿ 25 ಸುತ್ತಿಗೆ, ಬಂದೂಕು ಖಾಲಿ ಮಾಡಿ, ಮುಟ್ಟಿ ನೋಡಿ. ಟ್ಯೂಬು ಬಿಚ್ಚಿಟ್ಟು ಹೊಡೆದರೆ ಥ್ರೆಡ್ ಹೋಯಿತು. ಪೆಟ್ಟಿಗೆಯ ಮೇಲಿನ ಹೆಸರು ನಂಬುವ ಬದಲು ರೇಂಜಿನಲ್ಲಿ 40 ಗಜಕ್ಕೆ ದೊಡ್ಡ ಹಾಳೆ ಕಟ್ಟಿ ಹೊಡೆದು, 30 ಇಂಚಿನ ವೃತ್ತದೊಳಗಿನ ತೂತು ಎಣಿಸಿ. ಫುಲ್ ಎಂದರೆ ಸುಮಾರು ಶೇ. 70, ಮಾಡಿಫೈಡ್ ಶೇ. 60, ಇಂಪ್ರೂವ್ಡ್ ಶೇ. 50 ಬೀಳಬೇಕು.

ಅಜ್ಜನ ಕಾಲದ ಬಂದೂಕಾದರೆ ಇದೆಲ್ಲಕ್ಕೂ ಮುಂಚೆ ಚೇಂಬರ್ 65 ಮಿ.ಮೀ. ಇದೆಯೋ 70 ಇದೆಯೋ ಓದಿ. 65ರಲ್ಲಿ 70ರ ಕಾಡತೂಸು ಒಳಗೆ ಹೋಗುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಸ್ಲಿಂಗ್, ಹವೆ, ಠಾಣೆ

ಸ್ಲಿಂಗಿನ ಹಿಂದಿನ ಸ್ಟಡ್ (ಪಟ್ಟಿ ಸಿಕ್ಕಿಸುವ ಗುಬ್ಬಿ) ಬಟ್ಟಿನ ಕೆಳತುದಿಯಿಂದ ಸುಮಾರು 65 ಮಿ.ಮೀ. ಮುಂದೆ. ತೂತು ಕೊರೆಯದೆ ನೇರ ತಿರುಗಿಸಿದರೆ ಮರ ಸೀಳುತ್ತದೆ. ಪಂಪ್ ಆಕ್ಷನ್ನಿನ ಪಕ್ಕಕ್ಕೆ ಕಾಡತೂಸಿನ ಪಟ್ಟಿ ಹಾಕುವವರು ಅದರ ಬೋಲ್ಟ್ ಅತಿಯಾಗಿ ಬಿಗಿದರೆ ರಿಸೀವರ್ ಹಿಂಡಿದಂತಾಗಿ ಪಂಪ್ ಹಿಡಿಯುತ್ತದೆ. ಬಿಗಿ ಮಾಡುತ್ತಲೇ ಖಾಲಿ ಪಂಪ್ ಎಳೆದು ನೋಡುತ್ತಿರಿ.

ಖಾನಾಪುರದ ಮಳೆಗಾಲದಲ್ಲಿ ಮರಕ್ಕೆ ಸಿಕ್ಕಿಸಿದ ರಬ್ಬರು ಪ್ಯಾಡು, ಚರ್ಮದ ಕವರು ಎರಡೂ ತೇವ ಹಿಡಿದಿಡುತ್ತವೆ. ರೇಂಜಿನಿಂದ ಬಂದ ಕೂಡಲೇ ಬಿಚ್ಚಿ ಒಣಗಿಸಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: ಎಣ್ಣೆ ಹೆಚ್ಚಾದರೆ ಧೂಳು ಕೂತು ಸಾಣೆಪುಡಿಯಾಗುತ್ತದೆ, ಟರೆಟ್ಟಿನ ಮುಚ್ಚಳ ಸದಾ ಹಾಕಿರಬೇಕು.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಜಮಾ ಮಾಡುವಂತೆ ಆದೇಶ ಬಂದರೆ ಸ್ಕೋಪು, ಸ್ಲಿಂಗ್ ಬಿಚ್ಚಿ ಮನೆಯಲ್ಲಿಡಿ, ರಸೀದಿಯಲ್ಲಿ ಬಂದೂಕಿನ ನಂಬರು ಲೈಸೆನ್ಸಿಗೆ ತಾಳೆ ನೋಡಿ. ರಿಂಗನ್ನು ಸ್ಕೋಪಿನಿಂದ ಬಿಚ್ಚಬೇಡಿ, ರಿಂಗು ಸಮೇತ ರೈಲಿನಿಂದ ತೆಗೆಯಿರಿ, ಯಾವ ಗಾಡಿಯಲ್ಲಿತ್ತು ಎಂದು ಬರೆದಿಡಿ. ಬಂದೂಕು ವಾಪಸ್ ಬಂದ ಮೇಲೆ ಅದೇ ಗಾಡಿಗೆ, ಅದೇ ಬಲಕ್ಕೆ ಬಿಗಿದು, ರೇಂಜಿನಲ್ಲಿ ಐದು ಹೊಡೆದು ಝೀರೋ ತಾಳೆ ಮಾಡಿ.