‘ಸಮಯ ಬಂದಾಗ ನಾಯಿಯೇ ಹೇಳುತ್ತದೆ’ ಅಂತಾರೆ, ನಮ್ಮದು ಏನೂ ಹೇಳುತ್ತಿಲ್ಲವಲ್ಲ?

ಪ್ರಶ್ನೆ: ನಮ್ಮ ನಾಯಿಗೆ 13 ವರ್ಷ. ಕಿಡ್ನಿ ಕೆಟ್ಟಿದೆ, ಹಿಂಗಾಲಿನಲ್ಲಿ ಶಕ್ತಿ ಇಲ್ಲ. ಒಂದು ದಿನ ಬಾಲ ಆಡಿಸುತ್ತಾ ಬಾಗಿಲ ತನಕ ಬರುತ್ತಾನೆ, ಮರುದಿನ ಎದ್ದೇ ಏಳುವುದಿಲ್ಲ. ನೋವಿಲ್ಲದೆ ಸಾಯುವ ಇಂಜೆಕ್ಷನ್ ಕೊಡಿಸುವ ಬಗ್ಗೆ ಯೋಚನೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಸಮಯ ಬಂದಾಗ ಅವನೇ ಹೇಳುತ್ತಾನೆ ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಏನೂ ಕೇಳಿಸುತ್ತಿಲ್ಲ. ಯಾವಾಗ ಅಂತ ತಿಳಿಯುವುದು ಹೇಗೆ?

ಉತ್ತರ: ಆ ಮಾತನ್ನು ನಂಬಿ ನಾನೂ ಕಾಯುತ್ತಾ ಕೂತಿದ್ದೆ. ನಮ್ಮ ಹೆಣ್ಣು ನಾಯಿಗೆ ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು. ವಾಸಿ ಆಗುವುದಿಲ್ಲ ಅಂತ ಗೊತ್ತಿತ್ತು. ಆದರೂ ಕೈಯಲ್ಲಿ ಹಿಡಿದು ಕೊಟ್ಟರೆ ತಿನ್ನುತ್ತಿದ್ದಳು. ತಿನ್ನುತ್ತಾಳಲ್ವಾ, ಇನ್ನೂ ಸಮಯ ಇದೆ ಅಂದುಕೊಂಡೆ. ರಾತ್ರಿ ಮಲಗದೆ ಗೋಡೆಗೆ ಒರಗಿ ನಿಂತೇ ಇರುತ್ತಿದ್ದಳು. ಅದನ್ನೂ ನೋಡಿದ್ದೆ, ಸೆಕೆ ಇರಬೇಕು ಅಂದುಕೊಂಡೆ. ಒಂದು ನಡುರಾತ್ರಿ ಕುಸಿದು ಬಿದ್ದಳು. ಗೊತ್ತಿಲ್ಲದ ಜಾಗದಲ್ಲಿ, ಗೊತ್ತಿಲ್ಲದವರ ನಡುವೆ, ಹೆದರಿಕೊಂಡೇ ಹೋದಳು. ನಿಂತು ಕಳೆದ ಆ ರಾತ್ರಿಗಳಲ್ಲೇ ಅವಳು ಹೇಳುತ್ತಿದ್ದಳು ಅಂತ ನನಗೆ ಹೊಳೆದದ್ದು ಆಮೇಲೆ.

ನೋವಾದರೆ ನಾಯಿ ಕುಂಯ್‌ಗುಡುತ್ತದೆ ಅಂತ ನಾವು ಕಿವಿ ಕೊಟ್ಟಿರುತ್ತೇವೆ. ಬಹಳ ದಿನದ ನೋವಿಗೆ ನಾಯಿಗಳು ಅಷ್ಟಾಗಿ ಸದ್ದು ಮಾಡುವುದಿಲ್ಲ. ಸುಮ್ನೆ ಕೂತಿದ್ದಾಗಲೂ ಏದುಸಿರು ಬಿಡುತ್ತವೆ. ಮಲಗುತ್ತವೆ, ಏಳುತ್ತವೆ, ಜಾಗ ಬದಲಾಯಿಸುತ್ತವೆ. ಒಂದೇ ಜಾಗವನ್ನು ನೆಕ್ಕುತ್ತಲೇ ಇರುತ್ತವೆ. ಮೈ ಮುಟ್ಟಿದರೆ ಸರಿದುಕೊಳ್ಳುತ್ತವೆ, ಯಾರೂ ಇಲ್ಲದ ಮೂಲೆ ಹುಡುಕುತ್ತವೆ. ನೋವಿದ್ದರೂ ತಿನ್ನುವ ನಾಯಿಗಳು ಬೇಕಾದಷ್ಟಿವೆ. ಹಾಗಾಗಿ ಊಟ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಇದು ನಿಜವಾಗಿ ಕೊನೆಯೇ, ಅಥವಾ ಔಷಧಿಗೆ ಬಗ್ಗುವ ತೊಂದರೆಯೇ? ವಯಸ್ಸಾದ ನಾಯಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತಲೆ ವಾಲಿಸಿಕೊಂಡು, ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಾ ಬಿದ್ದುಬಿಡುತ್ತದೆ. ಲಕ್ವ ಹೊಡೆಯಿತು, ಮುಗೀತು ಅಂತ ಮನೆಯವರು ಅಳುತ್ತಾ ಬರುತ್ತಾರೆ. ಎಷ್ಟೋ ಸಲ ಅದು ದೇಹದ ಸಮತೋಲ ನೋಡಿಕೊಳ್ಳುವ ಒಳಕಿವಿಯ ವ್ಯವಸ್ಥೆ ಕೆಟ್ಟಿರುವುದು ಅಷ್ಟೇ. ಕೆಲವೇ ದಿನಗಳಲ್ಲಿ ಸುಧಾರಿಸಿ, ಎರಡು ಮೂರು ವಾರದಲ್ಲಿ ಓಡಾಡಿಕೊಂಡಿರುತ್ತದೆ. ಹಲ್ಲು ಹುಳುಕಾಗಿ ಊಟ ಬಿಟ್ಟ ನಾಯಿಯನ್ನೂ, ಮೂತ್ರದ ಸೋಂಕಿನಿಂದ ಮನೆಯೊಳಗೇ ಉಚ್ಚೆ ಮಾಡುವ ನಾಯಿಯನ್ನೂ ‘ವಯಸ್ಸಾಯಿತು’ ಅಂತ ಬಿಟ್ಟುಬಿಡುವವರಿದ್ದಾರೆ.

ನಿಮ್ಮವನ ವಿಷಯದಲ್ಲಿ ಕಿಡ್ನಿ ಕೆಟ್ಟಿದೆ ಅಂತ ಗೊತ್ತಾಗಿದೆ. ಬಟ್ಟಲ ಹತ್ತಿರ ಹೋಗಿ, ಮೂಸಿ, ತುಟಿ ನೆಕ್ಕಿಕೊಂಡು ತಿರುಗಿ ಬರುತ್ತಾನಾ? ಅದು ಹಸಿವಿಲ್ಲದ್ದಕ್ಕಿಂತ ಹೊಟ್ಟೆ ತೊಳಸುವ ಲಕ್ಷಣ ಇರಬಹುದು. ಅದಕ್ಕೆ ಔಷಧಿ ಇದೆ. ಕಾಲಿನ ನೋವಿಗೂ ಇದೆ, ಆದರೆ ಮಾಮೂಲಿ ನೋವಿನ ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಏನು ಕೊಡಬೇಕೆಂದು ಡಾಕ್ಟರೇ ಹೇಳಬೇಕು. ದಯವಿಟ್ಟು ಮನೆಯಲ್ಲಿರುವ ನಿಮ್ಮ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್ ನಾಯಿಗೆ ವಿಷ. ಪ್ಯಾರಾಸಿಟಮಾಲ್ ಕೂಡ ಡಾಕ್ಟರ್ ಹೇಳದೆ ಬೇಡ.

ಮಾಡಬಹುದಾದ್ದೆಲ್ಲ ಮಾಡಿದ ಮೇಲೂ ಪ್ರಶ್ನೆ ಉಳಿದರೆ ಆಲಿಸ್ ವಿಲ್ಲಲೋಬೋಸ್ ಎಂಬ ಪಶುವೈದ್ಯೆ 2004ರಲ್ಲಿ ಕೊಟ್ಟ ಅಳತೆಯೊಂದಿದೆ. ನೋವು ಮತ್ತು ಉಸಿರಾಟ, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿ ಇವೆಯೇ ಎಂಬುದು, ಹೀಗೆ ಏಳು ವಿಷಯ. ಒಂದೊಂದಕ್ಕೂ 10ರಲ್ಲಿ ಅಂಕ, 10 ಅಂದರೆ ಆ ವಿಷಯದಲ್ಲಿ ತುಂಬಾ ಚೆನ್ನಾಗಿದೆ ಅಂತ. ಒಟ್ಟು 35ಕ್ಕಿಂತ ಜಾಸ್ತಿ ಬಂದರೆ ಬದುಕು ಸಹಿಸುವಂತಿದೆ ಅಂತ ಲೆಕ್ಕ. ಇದು ಒಳ್ಳೆಯ ಸಾಧನ. ಆದರೆ ಮೊತ್ತ ಒಂದನ್ನೇ ನೋಡಬೇಡಿ ಅನ್ನುವುದು ನನ್ನ ಮಾತು. ಉಸಿರಾಡಲು ಕಷ್ಟಪಡುತ್ತಿರುವ ನಾಯಿಗೆ ಉಳಿದ ಆರರಲ್ಲಿ ಎಷ್ಟು ಅಂಕ ಬಂದರೇನು?

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಕ್ಯಾಲೆಂಡರ್. ಆ ನಾಯಿ ಹೋದ ಮೇಲೆ ಎರಡನೆಯದಕ್ಕೆ ವಯಸ್ಸಾದಾಗ ದಿನಾ ಮಲಗುವ ಮುಂಚೆ ಗುರುತು ಹಾಕುತ್ತಿದ್ದೆ. ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಗೀಟು. ಮನಸ್ಸು ಮೋಸ ಮಾಡುತ್ತದೆ. ಒಂದು ಸಲ ಬಾಲ ಆಡಿಸಿದರೆ ಹಿಂದಿನ ನಾಲ್ಕು ದಿನ ಮರೆತುಹೋಗುತ್ತವೆ. ಕಾಗದ ಮರೆಯುವುದಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಬೇರೆ ಬೇರೆಯಾಗಿ ಗುರುತು ಹಾಕಿ. ಗೀಟುಗಳು ಸೊನ್ನೆಗಳಿಗೆ ಸಮ ಆಗುತ್ತಾ ಬಂದಾಗ ಡಾಕ್ಟರಿಗೆ ತೋರಿಸಿ.

ಎಲ್ಲ ಕಾಯಿಲೆಗೂ ಇದು ನಡೆಯುವುದಿಲ್ಲ. ರಕ್ತ ಸುರಿಯುವ ಗಡ್ಡೆ ಇದ್ದರೆ ನಿನ್ನೆ ಚೆನ್ನಾಗಿದ್ದ ನಾಯಿ ಇವತ್ತು ಕುಸಿಯುತ್ತದೆ. ಹೃದಯದ ತೊಂದರೆ ಇದ್ದರೆ ನಾಯಿ ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇರತೊಡಗಿದರೆ ಅವತ್ತೇ ಫೋನ್ ಮಾಡಿ. ಆದ್ದರಿಂದ ಡಾಕ್ಟರನ್ನು ‘ಇನ್ನೆಷ್ಟು ದಿನ’ ಅಂತ ಕೇಳುವುದಕ್ಕಿಂತ ‘ಹೀಗೇ ಬಿಟ್ಟರೆ ಕೊನೆ ಹೇಗಿರುತ್ತದೆ’ ಅಂತ ಕೇಳಿ. ಕೇಳುವುದಕ್ಕೆ ಎದೆ ಗಟ್ಟಿ ಮಾಡಿಕೊಳ್ಳಬೇಕು, ನಿಜ. ಕಿಡ್ನಿ ಪೂರ್ತಿ ಕೈಕೊಟ್ಟಾಗ ಬಿಡದ ವಾಂತಿ, ಬಾಯಿಹುಣ್ಣು, ಕೆಲವಕ್ಕೆ ಫಿಟ್ಸ್ ಬರುತ್ತವೆ. ನಿದ್ದೆಯಲ್ಲೇ ಹೋಗಿಬಿಡಲಿ ಅಂತ ಎಲ್ಲರೂ ಬೇಡಿಕೊಳ್ಳುತ್ತೇವೆ. ಇಂಥ ಕಾಯಿಲೆಯಲ್ಲಿ ಹಾಗೆ ಆಗುವುದು ಅಪರೂಪ.

ಸರಿಯಾದ ಒಂದೇ ಒಂದು ದಿನ ಅಂತ ಇರುವುದಿಲ್ಲ. ಕೆಲವು ದಿನಗಳ ಅಥವಾ ವಾರಗಳ ಅವಧಿ ಇರುತ್ತದೆ. ಅದರೊಳಗೆ ಯಾವತ್ತು ಮಾಡಿದರೂ ತಪ್ಪಲ್ಲ. ನನ್ನನ್ನು ಕೇಳಿದರೆ ಒಂದು ದಿನ ತಡ ಆಗುವುದಕ್ಕಿಂತ ಒಂದು ವಾರ ಮುಂಚೆ ಆಗಲಿ. ಇನ್ನೂ ಬಾಲ ಆಡಿಸುತ್ತಾನಲ್ಲ, ಈಗಲೇ ಹೇಗೆ ಕಳಿಸಲಿ ಅಂತ ಕರುಳು ಕಿತ್ತುಬರುತ್ತದೆ. ಆದರೆ ಬಾಲ ಆಡಿಸುವ ಶಕ್ತಿ ಇರುವಾಗಲೇ, ನಿಮ್ಮ ಗುರುತು ಇರುವಾಗಲೇ, ತನ್ನದೇ ಚಾಪೆಯ ಮೇಲೆ ಹೋಗುವುದು ಅವನಿಗೆ ಕಡಿಮೆ ಕಷ್ಟ.

ಆ ಹೊತ್ತಿನಲ್ಲಿ ಏನಾಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಭಯ ಸ್ವಲ್ಪ ಇಳಿಯುತ್ತದೆ. ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡಿ ಅಂತ ಕೇಳಿ. ಆಮೇಲೆ ಸಾಮಾನ್ಯವಾಗಿ ಮುಂಗಾಲಿನ ರಕ್ತನಾಳಕ್ಕೆ ಪೆಂಟೊಬಾರ್ಬಿಟಲ್ ಕೊಡುತ್ತಾರೆ. ಇದು ಅರಿವಳಿಕೆಯ ಔಷಧಿಯೇ, ಪ್ರಮಾಣ ಮಾತ್ರ ಜಾಸ್ತಿ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಲವು ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತವೆ. ಆಮೇಲೂ ಒಂದೆರಡು ಸಲ ಉಸಿರು ಎಳೆದಂತೆ ಕಾಣಬಹುದು, ಉಚ್ಚೆ ಹೋಗಬಹುದು. ಅಷ್ಟರಲ್ಲಿ ಅವನಿಗೆ ಯಾವುದೂ ಗೊತ್ತಾಗುವುದಿಲ್ಲ. ಆದರೆ ಹತ್ತಿರ ಇರಿ. ಆಗದಿದ್ದರೆ ಮಂಪರು ಬರುವ ತನಕವಾದರೂ ಇರಿ. ಹೂಳುವುದಾದರೆ ಗುಂಡಿ ಆಳವಾಗಿರಲಿ. ಔಷಧಿ ದೇಹದಲ್ಲೇ ಉಳಿಯುತ್ತದೆ, ಕೆದಕಿ ತಿಂದ ಬೇರೆ ಪ್ರಾಣಿ ಸಾಯಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ‘ಮಲಗಿಸಿದೆವು’ ಅನ್ನಬೇಡಿ, ಆಮೇಲೆ ಮಲಗುವುದಕ್ಕೇ ಹೆದರುತ್ತವೆ. ಸತ್ತುಹೋಯಿತು ಅಂತಲೇ ಹೇಳಿ.

ನಾಳೆ ಡಾಕ್ಟರಿಗೆ ಫೋನ್ ಮಾಡಿದಾಗ ಮನೆಗೇ ಬಂದು ಮಾಡುತ್ತಾರಾ, ಎಷ್ಟು ದಿನ ಮುಂಚೆ ಹೇಳಬೇಕು, ರಾತ್ರಿ ಹೊತ್ತು ಹೆಚ್ಚುಕಡಿಮೆ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದ ಮಾತ್ರಕ್ಕೆ ದಿನ ಗೊತ್ತು ಮಾಡಿದಂತಲ್ಲ. ನಡುರಾತ್ರಿ ನನಗೆ ಇಲ್ಲದೆ ಹೋದದ್ದು ಆ ಒಂದು ಫೋನ್ ನಂಬರ್.