ಪದ ಪರಿಚಯ: ತಾರತಮ್ಯ

ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆಂದು ಮೈಸೂರಿನಲ್ಲಿ ನಡೆಯುವ ಚರ್ಚಾಸ್ಪರ್ಧೆಗಳಲ್ಲಿ ಯಾರಾದರೊಬ್ಬರು ಎದ್ದುನಿಂತು ‘ಮೀಸಲಾತಿಯೂ ಒಂದು ತಾರತಮ್ಯವೇ’ ಎನ್ನುವುದು, ಸಭೆ ಚಪ್ಪಾಳೆ ತಟ್ಟುವುದು ವಾಡಿಕೆಯಾಗಿಬಿಟ್ಟಿದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಟಿಕೆಟ್ ಕೊಳ್ಳುವ ಗಂಡಸರೂ ಇದೇ ಪದವನ್ನು ಕೈಗೆತ್ತಿಕೊಂಡಿದ್ದಾರೆ. ಮಂಡ್ಯಕ್ಕೆ ಅನುದಾನ ಕಡಿಮೆಯಾದರೆ ತಾರತಮ್ಯ, ಕ್ರಿಕೆಟ್ ತಂಡದಲ್ಲಿ ನಮ್ಮ ಹುಡುಗನಿಗೆ ಜಾಗ ಸಿಗದಿದ್ದರೂ ತಾರತಮ್ಯ. ಒಂದು ಪದ ಎಲ್ಲ ಅಸಮಾಧಾನಗಳಿಗೂ ಹೀಗೆ ಬಳಕೆಯಾಗತೊಡಗಿದರೆ, ಅದರ ಅಗತ್ಯ ನಿಜವಾಗಿ ಇರುವವರು ಅದನ್ನು ನುಡಿದಾಗ ಕೇಳುವವರ ಕಿವಿಗೆ ಅದು ತಾಗುವುದೇ ಇಲ್ಲ.

ಪದದ ಹುಟ್ಟನ್ನು ನೋಡಿದರೆ ಗೊಂದಲದ ಬಹುಪಾಲು ತಾನಾಗಿಯೇ ಕಳೆಯುತ್ತದೆ. ಸಂಸ್ಕೃತದಲ್ಲಿ ಎರಡನ್ನು ಹೋಲಿಸಿ ಒಂದನ್ನು ಹೆಚ್ಚೆನ್ನಲು ‘ತರ’ ಎಂಬ ಪ್ರತ್ಯಯ, ಹಲವನ್ನು ಹೋಲಿಸಿ ಒಂದನ್ನು ಎಲ್ಲಕ್ಕಿಂತ ಹೆಚ್ಚೆನ್ನಲು ‘ತಮ’ ಎಂಬ ಪ್ರತ್ಯಯ ಸೇರುತ್ತವೆ. ಗುರುತರ ಹೊಣೆ ಎನ್ನುವಾಗ ಮೊದಲನೆಯದನ್ನು ಬಳಸುತ್ತೇವೆ, ಶಾಲೆಯಲ್ಲಿ ಲ.ಸಾ.ಅ., ಮ.ಸಾ.ಅ. ಎಂದು ಉರು ಹೊಡೆದ ಲಘುತಮ, ಮಹತ್ತಮಗಳಲ್ಲಿ ಎರಡನೆಯದಿದೆ. ಈ ಎರಡು ಪ್ರತ್ಯಯಗಳನ್ನೇ ಜೋಡಿಸಿ ‘ತರತಮ’ ಎಂದು ಮಾಡಿ, ಅದರಿಂದ ತೆಗೆದ ಭಾವನಾಮ ತಾರತಮ್ಯ. ಯಾವ ಪ್ರಕೃತಿಯನ್ನೂ, ಅಂದರೆ ಮೂಲಪದವನ್ನೂ, ಆಶ್ರಯಿಸದೆ ಬರಿಯ ಪ್ರತ್ಯಯಗಳಿಂದಲೇ ಆದ ಇಂಥ ಪದ ಅಪರೂಪ. ಹಾಗಾಗಿಯೇ ಅದರಲ್ಲಿ ಗುಣದ ಹೆಸರಾಗಲಿ ವಸ್ತುವಿನ ಹೆಸರಾಗಲಿ ಇಲ್ಲ. ಇರುವುದು ಮೇಲು ಕೀಳಿನ ಶ್ರೇಣಿ ಮಾತ್ರ.

ಹಿಂದೆ ಈ ಪದಕ್ಕೆ ಕೆಟ್ಟ ಹೆಸರೇನೂ ಇರಲಿಲ್ಲ. ಯಾವುದು ಎಷ್ಟು ಬೆಲೆ ಬಾಳುತ್ತದೆ ಎಂದು ತೂಗಿ ನೋಡುವ ವಿವೇಕವನ್ನು ‘ತಾರತಮ್ಯ ಜ್ಞಾನ’ ಎಂದು ಹೊಗಳುತ್ತಿದ್ದರು. ಮಧ್ವಮತದಲ್ಲಂತೂ ಅದು ಸಿದ್ಧಾಂತದ ಪದ. ಅಲ್ಲಿ ಪಂಚಭೇದವೂ (ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದ) ಉಂಟು, ತಾರತಮ್ಯವೂ ಉಂಟು, ಮತ್ತು ಇವು ಎರಡು ಬೇರೆ ಪ್ರಮೇಯಗಳು. ಜೀವ ಜೀವಗಳು ಬೇರೆ ಬೇರೆ ಎಂಬುದು ಭೇದ. ಅವುಗಳಲ್ಲಿ ಹರಿಯ ಕೆಳಗೆ ಬ್ರಹ್ಮ, ವಾಯುಗಳಿಂದ ಮೊದಲ್ಗೊಂಡು ಇಳಿಯುತ್ತ ಬರುವ ಒಂದು ಕ್ರಮವಿದೆ ಎಂಬುದು ತಾರತಮ್ಯ. ಆ ಸಿದ್ಧಾಂತವನ್ನು ಒಪ್ಪುವುದೂ ಬಿಡುವುದೂ ಇಲ್ಲಿನ ವಿಷಯವಲ್ಲ. ಆದರೆ ಬೇರೆಯಾಗಿರುವುದು ಒಂದು, ಮೇಲು ಕೀಳಾಗಿರುವುದು ಇನ್ನೊಂದು ಎಂಬ ಖಚಿತತೆ ಕನ್ನಡದ ಓದುಗರಿಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇಷ್ಟಿದ್ದೂ ವ್ಯತ್ಯಾಸ ಕಂಡಲ್ಲೆಲ್ಲ ತಾರತಮ್ಯ ಎನ್ನುವುದು ಅಸಡ್ಡೆಯಲ್ಲದೆ ಬೇರೇನೂ ಅಲ್ಲ.

ಈ ಪದ ಇಂದಿನ ಅರ್ಥಕ್ಕೆ ಎಷ್ಟು ಹೊಂದುತ್ತದೆ ಎಂಬುದು ಅಂಬೇಡ್ಕರ್ ಅವರು ಜಾತಿಯನ್ನು ವಿವರಿಸಿದ ಬಗೆಯಿಂದ ತಿಳಿಯುತ್ತದೆ. ಜಾತಿ ವ್ಯವಸ್ಥೆ ಬರಿಯ ಅಸಮಾನತೆಯಲ್ಲ, ಅದು ಶ್ರೇಣೀಕೃತ ಅಸಮಾನತೆ; ಮೇಲಕ್ಕೆ ಹೋದಂತೆ ಗೌರವ, ಕೆಳಕ್ಕೆ ಇಳಿದಂತೆ ತಿರಸ್ಕಾರ ಹೆಚ್ಚುತ್ತದೆ; ಕಟ್ಟಕಡೆಯವರನ್ನು ಬಿಟ್ಟರೆ ಉಳಿದ ಎಲ್ಲರಿಗೂ ತಮಗಿಂತ ಕೆಳಗಿನವರು ಯಾರಾದರೂ ಇದ್ದೇ ಇರುವುದರಿಂದ ಅದು ಸುಲಭವಾಗಿ ಕುಸಿಯುವುದಿಲ್ಲ ಎಂಬುದು ಅವರ ವಿಶ್ಲೇಷಣೆಯ ತಿರುಳು. ತರತಮ ಎಂದರೆ ಇದೇ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಊರೊಂದರಲ್ಲಿ ದಲಿತರ ತಲೆಗೂದಲು ಕತ್ತರಿಸಿದ್ದಕ್ಕಾಗಿ ಕ್ಷೌರದಂಗಡಿಯವರೇ ಬಹಿಷ್ಕಾರಕ್ಕೆ ಒಳಗಾದರೆಂದು ವರದಿಯಾಯಿತು. ಶ್ರೇಣಿಯಲ್ಲಿ ತಾವೂ ಕೆಳಗೇ ಇರುವ ಕಸುಬಿನವರಿಂದ ಇನ್ನೂ ಕೆಳಗಿನವರನ್ನು ಹೊರಗಿಡಿಸುವುದು, ಒಪ್ಪದಿದ್ದರೆ ಅವರನ್ನೂ ದಂಡಿಸುವುದು: ಇದಕ್ಕೆ ಭೇದಭಾವ ಎಂಬ ಮೆದುವಾದ ಮಾತು ಸಾಲದು.

ಮೇಲುಕೋಟೆಯನ್ನೂ ಇಲ್ಲಿ ನೆನೆಯಬೇಕು. ರಾಮಾನುಜರು ಅಸ್ಪೃಶ್ಯರೆನಿಸಿಕೊಂಡವರನ್ನು ತಿರುಕ್ಕುಲದವರೆಂದು, ಅಂದರೆ ಪವಿತ್ರ ಕುಲದವರೆಂದು, ಕರೆದು, ವರ್ಷದ ಕೆಲವು ದಿನ ಗುಡಿಯ ಪ್ರವೇಶ ಕೊಡಿಸಿದರೆಂಬ ಪರಂಪರೆ ಅಲ್ಲಿನದು. ಹನ್ನೆರಡನೆಯ ಶತಮಾನಕ್ಕೆ ಅದು ದೊಡ್ಡ ಮಾತು, ಅದರ ಹಿಂದಿನ ಕರುಣೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಕೆಲವರಿಗೆ ವರ್ಷವೆಲ್ಲ ತೆರೆದ ಬಾಗಿಲು ಉಳಿದವರಿಗೆ ಕೆಲವೇ ದಿನ ತೆರೆಯುವುದಾದರೆ ಅದು ಅನುಗ್ರಹವಾಗುತ್ತದೆ, ಹಕ್ಕಾಗುವುದಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಕಲಂ 17ರಲ್ಲಿ ಅಸ್ಪೃಶ್ಯತೆಯನ್ನು ಯಾವ ದಿನಗಣನೆಯೂ ಇಲ್ಲದೆ ತೊಡೆದುಹಾಕಿತು. ಕಲಂ 15 ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳನ್ನು ಹೆಸರಿಸಿ, ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಒಂದೊಂದಾಗಿ ಎಣಿಸಿ ಹೇಳಿತು. ಆ ಪಟ್ಟಿ ಅಷ್ಟು ವಿವರವಾಗಿರುವುದು, ಅಪಮಾನ ನಡೆಯುತ್ತಿದ್ದದ್ದು ಆ ಜಾಗಗಳಲ್ಲೇ ಆದ್ದರಿಂದ.

ಈಗ ‘ಮೀಸಲಾತಿಯೂ ಒಂದು ತಾರತಮ್ಯವೇ’ ಎಂಬ ಆ ಚಪ್ಪಾಳೆಯ ವಾಕ್ಯಕ್ಕೆ ಬರೋಣ. ಜನಾಂಗ ತಾರತಮ್ಯ ನಿರ್ಮೂಲನೆಯ 1965ರ ಅಂತರರಾಷ್ಟ್ರೀಯ ಒಪ್ಪಂದವು, ಭಾರತವೂ ಸಹಿ ಹಾಕಿ ಅನುಮೋದಿಸಿರುವ ಒಪ್ಪಂದವದು, ಸಮಾನ ನೆಲೆಯಲ್ಲಿ ಮಾನವ ಹಕ್ಕುಗಳನ್ನು ಅನುಭವಿಸುವುದಕ್ಕೆ ಅಡ್ಡಿಪಡಿಸುವ ಉದ್ದೇಶ ಅಥವಾ ಪರಿಣಾಮ ಉಳ್ಳ ಭೇದ, ಹೊರಗಿಡುವಿಕೆ, ನಿರ್ಬಂಧ, ಆದ್ಯತೆಗಳನ್ನು ತಾರತಮ್ಯ ಎನ್ನುತ್ತದೆ. ಹಿಂದುಳಿಸಲ್ಪಟ್ಟವರನ್ನು ಸಮಾನ ನೆಲೆಗೆ ತರುವ ವಿಶೇಷ ಕ್ರಮಗಳು ತಾರತಮ್ಯವಲ್ಲವೆಂದೂ ಅದು ಅಲ್ಲಿಯೇ ಹೇಳುತ್ತದೆ. ನಮ್ಮ ಕಲಂ 15(3) ಮಹಿಳೆಯರಿಗೂ ಮಕ್ಕಳಿಗೂ, 15(4) ಹಿಂದುಳಿದ ವರ್ಗಗಳಿಗೂ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಡುತ್ತವೆ. ಶ್ರೇಣಿಯನ್ನು ಉಳಿಸುವ ಕ್ರಮ ಯಾವುದು, ಕೆಡಹುವ ಕ್ರಮ ಯಾವುದು ಎಂದು ಕೇಳದೆ, ಎರಡರಲ್ಲೂ ಜನರನ್ನು ಬೇರೆ ಬೇರೆಯಾಗಿ ಕಾಣಲಾಗಿದೆ ಎಂಬುದನ್ನಷ್ಟೇ ಹಿಡಿದು ವಾದಿಸುವವರು ಭೇದವನ್ನು ತಾರತಮ್ಯವೆಂದು ಓದುತ್ತಿದ್ದಾರೆ. ಮೀಸಲಾತಿಯ ಪ್ರಮಾಣ, ವಿಧಾನಗಳ ಬಗ್ಗೆ ತಕರಾರಿದ್ದರೆ ಅದಕ್ಕೆ ತಕ್ಕ ಪದಗಳಲ್ಲಿ ವಾದಿಸಲಿ.

ಮೈಸೂರಿನಲ್ಲಿ ಕುಳಿತು ಈ ತಪ್ಪು ಮಾಡುವುದು ನನಗೆ ಹೆಚ್ಚು ಬೇಸರ ತರುತ್ತದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದ್ದು ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿ ಸೇರಿಹೋಗಿದ್ದವೆಂಬ ಕಾರಣಕ್ಕೆ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಉಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ಈ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ಸಂವಿಧಾನಕ್ಕೆ ಮೂರು ದಶಕ ಮೊದಲೇ ಮೈಸೂರು ಸಂಸ್ಥಾನ ಈ ವಾದವನ್ನು ಎರಡೂ ಕಡೆಯಿಂದ ಗಂಭೀರವಾಗಿ ನಡೆಸಿತ್ತು.

1965ರ ಒಪ್ಪಂದದಲ್ಲಿರುವ ‘ಉದ್ದೇಶ ಅಥವಾ ಪರಿಣಾಮ’ ಎಂಬ ಮಾತನ್ನೂ ಗಮನಿಸಬೇಕು. ಬಾಡಿಗೆ ಮನೆ ಕೇಳಲು ಹೋದವರಿಗೆ ‘ನೀವು ಯಾವ ಜನ?’ ಎಂಬ ಪ್ರಶ್ನೆ ಎದುರಾಗುವುದನ್ನು ಎಲ್ಲರೂ ಬಲ್ಲೆವು. ಈಗ ಆ ಪ್ರಶ್ನೆಯ ಬದಲು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಬಂದಿದೆ. ಮಾಲೀಕರ ಮನಸ್ಸಿನಲ್ಲಿ ದ್ವೇಷವಿಲ್ಲದೆ ಇರಬಹುದು. ಆದರೂ ಬೀದಿಯ ಉದ್ದಕ್ಕೂ ಅದೇ ಫಲಕವಿದ್ದರೆ ಮನೆ ಸಿಗದೆ ಹಿಂತಿರುಗುವವರು ಯಾರು ಎಂಬುದು ಪರಿಣಾಮ.

ಉಳಿದ ಸಂದರ್ಭಗಳಿಗೆ ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ತಂಡದ ಆಯ್ಕೆಯಲ್ಲಿ ನಡೆದದ್ದು ಪಕ್ಷಪಾತ, ಅನುದಾನದಲ್ಲಿ ನಡೆದದ್ದು ಮಲತಾಯಿ ಧೋರಣೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತನಿಗೆ ನೀರು ತಲುಪದಿದ್ದರೆ ಅದು ಅನ್ಯಾಯ, ಘೋರ ಅನ್ಯಾಯ. ಆದರೆ ಅದೇ ಊರಿನಲ್ಲಿ ಎಲ್ಲ ಬೀದಿಗಳಿಗೂ ನಲ್ಲಿ ಬಿಟ್ಟಾದ ಮೇಲೆ ಕೊನೆಗೆ ದಲಿತರ ಕೇರಿಗೆ ಬಿಡುವ ಪದ್ಧತಿಯಿದ್ದರೆ ಅದು ತಾರತಮ್ಯ.

ಕೊನೆಗೆ ವ್ಯಾಕರಣದ ಒಂದು ವಿಷಯ. ವರದಿಗಳಲ್ಲೂ ಅರ್ಜಿಗಳಲ್ಲೂ ‘ತಾರತಮ್ಯವಾಗಿದೆ’, ‘ತಾರತಮ್ಯ ಕಂಡುಬಂದಿದೆ’ ಎಂದು ಕರ್ತೃವಿಲ್ಲದೆ ಬರೆಯುವ ಅಭ್ಯಾಸ ಬೆಳೆದಿದೆ. ಮಾಡಿದವರು, ಅನುಭವಿಸಿದವರು, ಆಧಾರವಾದ ಗುರುತು, ತಪ್ಪಿಹೋದ ಹಕ್ಕು, ಈ ನಾಲ್ಕೂ ಇಲ್ಲದ ವಾಕ್ಯದಿಂದ ಕಚೇರಿಯಲ್ಲಿ ಏನೂ ಆಗುವುದಿಲ್ಲ. ಸಾಮಾಜಿಕ ಬಹಿಷ್ಕಾರವನ್ನೂ, ಬಾವಿ, ನಲ್ಲಿ, ಸ್ಮಶಾನ, ದಾರಿಗಳ ಬಳಕೆಗೆ ಒಡ್ಡುವ ಅಡ್ಡಿಯನ್ನೂ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, 2015ರ ತಿದ್ದುಪಡಿಯೊಂದಿಗೆ, ಅಪರಾಧಗಳೆಂದು ಹೆಸರಿಸಿದೆ. ಆದ್ದರಿಂದ ದೂರು ಬರೆಯುವವರು ‘ನಮ್ಮ ಕೇರಿಗೆ ತಾರತಮ್ಯವಾಗಿದೆ’ ಎಂದು ನಿಲ್ಲಿಸದೆ, ಯಾವ ದಿನ, ಯಾರು, ಯಾವ ನಲ್ಲಿಯಿಂದ, ಯಾವ ಜಾತಿಯವರೆಂಬ ಕಾರಣಕ್ಕೆ ತಡೆದರು ಎಂಬುದನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯಬೇಕು.